ಆರು ತಿಂಗಳ ಗಡುವು ಕೊಟ್ಟವರು ಯಾರು?

ಲಕ್ವ ಹೊಡೆದವರ ಮನೆಗಳಲ್ಲಿ ಒಂದು ಮಾತು ವೇದವಾಕ್ಯದ ಹಾಗೆ ನೆಲೆಯೂರಿದೆ: "ಆರು ತಿಂಗಳಲ್ಲಿ ಎಷ್ಟು ಬಂತೋ ಅಷ್ಟೇ, ಆಮೇಲೆ ಬರಲ್ಲ." ಬೆಂಗಳೂರಿನ ದೊಡ್ಡಾಸ್ಪತ್ರೆಗಳಲ್ಲಿ ಈ ಮಾತು ಹೇಳುತ್ತಾರೆ, ಹೊಸೂರಿನ ಕ್ಲಿನಿಕ್ಕುಗಳಲ್ಲಿ ಹೇಳುತ್ತಾರೆ, ಎಣ್ಣೆ ತಿಕ್ಕುವ ನಾಟಿ ವೈದ್ಯರೂ ಅದನ್ನೇ ಹೇಳುತ್ತಾರೆ. ತಮಿಳುನಾಡಿನ ಗಡಿಯ ಕೃಷ್ಣಗಿರಿ ಜಿಲ್ಲೆಯ ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಹಳ್ಳಿಗಳಿಗೆ ಬರುವ ಹೊತ್ತಿಗೆ ಅದು ಕೋರ್ಟಿನ ತೀರ್ಪಾಗಿಬಿಟ್ಟಿರುತ್ತದೆ. ಆರು ತಿಂಗಳು ತುಂಬುವವರೆಗೆ ಮನೆಯವರು ಬೆಳಿಗ್ಗೆ ಸಂಜೆ ತೋಳು ಹಿಡಿದು ಅಂಗಳದಲ್ಲಿ ನಡೆಸುತ್ತಾರೆ. ತುಂಬಿದ ಮೇಲೆ "ಪಾಪ, ಇನ್ಯಾಕೆ ಹಿಂಸೆ" ಎಂದು ಜಗಲಿಯ ಮೇಲೆ ಕೂರಿಸುತ್ತಾರೆ. ಕೂತವರು ಮತ್ತೆ ಏಳುವುದು ಕಡಿಮೆ. ಆಗ ಎಲ್ಲರೂ, ನೋಡಿ, ಡಾಕ್ಟರು ಹೇಳಿದ್ದು ನಿಜವಾಯಿತು ಎನ್ನುತ್ತಾರೆ.

ಆ ಮಾತು ತಾನಾಗಿ ನಿಜವಾಗಲಿಲ್ಲ, ಅದನ್ನು ನಂಬಿ ನಾವು ನಿಜ ಮಾಡಿದೆವು ಎಂಬುದು ನನ್ನ ವಾದ. ಪಾರ್ಶ್ವವಾಯುವಿನ ನಂತರ ನಡಿಗೆ ಹೇಗೆ ಮರಳುತ್ತದೆ ಎಂಬುದರ ಮೇಲೆ ಜಗತ್ತಿನಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಕೂತು ಓದಿದರೆ, ಈ ಗಡುವಿಗೆ ಜನ ಕೊಟ್ಟಿರುವ ಬಲ ಅದಕ್ಕಿಲ್ಲ ಎಂದು ತಿಳಿಯುತ್ತದೆ.

ಮಾತು ಪೂರ್ತಿ ಸುಳ್ಳಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತಾಗ ನಡುವಿನ ಜೀವಕೋಶಗಳು ಸಾಯುತ್ತವೆ. ಸುತ್ತಲಿನವು ಸಾಯದೆ, ಕೆಲಸವನ್ನೂ ಮಾಡದೆ ಸುಮ್ಮನಿರುತ್ತವೆ. ಬಾವು ಇಳಿದ ಹಾಗೆ ಅವು ಮರಳಿ ಕೆಲಸಕ್ಕೆ ಬರುತ್ತವೆ. ಉಳಿದ ನರಜಾಲ ಹೊಸ ದಾರಿ ಹುಡುಕುತ್ತದೆ. ಇದು ಮೊದಲ ವಾರಗಳಲ್ಲಿ ಬಿರುಸಾಗಿ ನಡೆಯುತ್ತದೆ, ಮೂರು ತಿಂಗಳ ಹೊತ್ತಿಗೆ ಬಹುಪಾಲು ನಿಧಾನವಾಗುತ್ತದೆ. ಪ್ರಕೃತಿ ತಾನಾಗಿ ಕೊಡುವುದನ್ನು ಆ ಹೊತ್ತಿಗೆ ಕೊಟ್ಟಿರುತ್ತದೆ ಎನ್ನುವುದರಲ್ಲಿ ತಕರಾರಿಲ್ಲ. ತಕರಾರಿರುವುದು ಮುಂದಿನ ಹೆಜ್ಜೆಗೆ. ತಾನಾಗಿ ಬರುವುದು ನಿಧಾನವಾದರೆ, ಕಲಿತು ಪಡೆಯಬಹುದಾದದ್ದೂ ನಿಂತುಹೋಯಿತು ಎಂದು ಯಾರು ಹೇಳಿದರು?

ಮೂಲ ಹುಡುಕುತ್ತ ಹೋದರೆ ಕೋಪನ್‌ಹೇಗನ್ ಸಿಗುತ್ತದೆ. 1995ರಲ್ಲಿ ಅಲ್ಲಿನ ಯೋರ್ಗನ್ಸನ್ ಮತ್ತು ಸಂಗಡಿಗರು ಎಂಟುನೂರಕ್ಕೂ ಹೆಚ್ಚು ಪಾರ್ಶ್ವವಾಯು ರೋಗಿಗಳ ನಡಿಗೆಯನ್ನು ವಾರವಾರವೂ ಗಮನಿಸಿ ಪ್ರಕಟಿಸಿದರು. ಶೇ 95 ಮಂದಿ ತಮ್ಮ ಅತ್ಯುತ್ತಮ ನಡಿಗೆಯನ್ನು 11 ವಾರಗಳೊಳಗೆ ಮುಟ್ಟಿದ್ದರು. ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಇಂದಿಗೂ ವೈದ್ಯರು ಅದನ್ನು ಉಲ್ಲೇಖಿಸುತ್ತಾರೆ. ಆದರೆ 'ಅತ್ಯುತ್ತಮ ನಡಿಗೆ' ಎಂದು ಅವರು ಅಳೆದದ್ದು ಏನನ್ನು? ಬಾರ್ಥೆಲ್ ಸೂಚ್ಯಂಕ ಎಂಬ ಅಂಕಪಟ್ಟಿಯ ನಡಿಗೆಯ ಭಾಗವನ್ನು. ಅದರಲ್ಲಿ ಇನ್ನೊಬ್ಬರ ಆಸರೆ ಇಲ್ಲದೆ, ಕೋಲು ಹಿಡಿದಾದರೂ ಸರಿ, ಐವತ್ತು ಗಜ ಸಮನೆಲದಲ್ಲಿ ನಡೆದರೆ ಪೂರ್ತಿ ಅಂಕ. ಅಂದರೆ ಸುಮಾರು 45 ಮೀಟರ್. ಅದಕ್ಕಿಂತ ಮೇಲೆ ಅಂಕವೇ ಇಲ್ಲ. ಹನ್ನೊಂದನೇ ವಾರ 45 ಮೀಟರ್ ನಡೆದವನು ಮರುವರ್ಷ ಒಂದು ಕಿಲೋಮೀಟರ್ ನಡೆದರೂ ಪಟ್ಟಿಯಲ್ಲಿ ಅವನು ಇದ್ದಲ್ಲೇ ಇರುತ್ತಾನೆ. ವೇಗ ಹೆಚ್ಚಿದ್ದು, ದಣಿವು ಕಡಿಮೆಯಾದದ್ದು, ಏರು ಹತ್ತಿದ್ದು, ಸೊಸೆಯ ಕೈ ಬಿಟ್ಟು ದನ ಕಟ್ಟಲು ಹೋದದ್ದು, ಯಾವುದೂ ಅಲ್ಲಿ ದಾಖಲಾಗುವುದಿಲ್ಲ. ಅಳತೆಗೋಲು ಮುಗಿದ ಕಡೆ ಚೇತರಿಕೆಯೂ ಮುಗಿಯಿತೆಂದು ಆಮೇಲೆ ಬಂದವರು ಓದಿಕೊಂಡರು. ಸಂಶೋಧಕರು ಹೇಳಿದ್ದಕ್ಕಿಂತ ದೊಡ್ಡ ತೀರ್ಮಾನವನ್ನು ಅವರ ಹೆಸರಿನಲ್ಲಿ ಚಲಾವಣೆಗೆ ಬಿಟ್ಟೆವು.

ಇದಕ್ಕೆ ಎದುರು ಸಾಕ್ಷ್ಯ ಬಂದು ಬಹಳ ಕಾಲವಾಯಿತು. 2010ರಲ್ಲಿ ಶಿಕಾಗೋದ ಹಾರ್ನ್‌ಬಿ ತಂಡ ನೇರವಾಗಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. 'ಇವರ ಸುಧಾರಣೆ ನಿಂತಿದೆ, ಇನ್ನು ಫಿಸಿಯೋಥೆರಪಿ ಬೇಡ' ಎಂದು ಥೆರಪಿಸ್ಟರೇ ಬರೆದು ಕಳಿಸುತ್ತಿದ್ದ 20 ಮಂದಿಯನ್ನು ತೆಗೆದುಕೊಂಡು ಕೆಲವು ವಾರ ಬಿರುಸಾಗಿ ನಡೆಸಿದರು. ಮನೆಯಲ್ಲಿ ಅವರು ದಿನಕ್ಕೆ ಹಾಕುವ ಹೆಜ್ಜೆ ಹೆಚ್ಚಿತು. ನಿಂತಿದ್ದು ಚಿಕಿತ್ಸೆ, ಸುಧಾರಣೆಯ ಶಕ್ತಿಯಲ್ಲ ಎಂಬುದನ್ನು ಆ ಪುಟ್ಟ ಅಧ್ಯಯನ ತೋರಿಸಿಕೊಟ್ಟಿತು. 2011ರಲ್ಲಿ ಅಮೆರಿಕದ ಪಮೇಲಾ ಡಂಕನ್ ಮತ್ತಿತರರು ಪ್ರಕಟಿಸಿದ 'ಲೀಪ್ಸ್' ಪ್ರಯೋಗ ದೊಡ್ಡದು, 408 ಮಂದಿಯದು. ಒಂದು ಗುಂಪಿಗೆ ಎರಡು ತಿಂಗಳಿಗೇ ಟ್ರೆಡ್‌ಮಿಲ್ ಮೇಲೆ ತರಬೇತಿ, ಇನ್ನೊಂದಕ್ಕೆ ಅದೇ ತರಬೇತಿ ಆರು ತಿಂಗಳ ನಂತರ, ಮೂರನೆಯದಕ್ಕೆ ಮನೆಯಲ್ಲೇ ವ್ಯಾಯಾಮ. ಆರು ತಿಂಗಳ ಹೊತ್ತಿಗೆ ತಡವಾದ ಗುಂಪು ಹಿಂದಿತ್ತು. ವರ್ಷ ತುಂಬುವಷ್ಟರಲ್ಲಿ ಅದು ಉಳಿದೆರಡನ್ನೂ ಮುಟ್ಟಿತು. ಒಟ್ಟಾರೆ ಶೇ 52 ಮಂದಿಯ ನಡಿಗೆ ಒಂದು ಮಟ್ಟ ಮೇಲೇರಿತ್ತು. ಬಾಗಿಲು ಮುಚ್ಚಿತೆಂದು ನಾವು ಹೇಳುವ ಆರನೇ ತಿಂಗಳಿಗೆ ತಡವಾದ ಗುಂಪಿನವರು ಶುರು ಮಾಡಿದ್ದರು. 2023ರಲ್ಲಿ ಪಿಯರ್ಸ್ ಬಾಯ್ನ್ ಅವರ ತಂಡದ ಪ್ರಯೋಗ ಬಂತು. ಅದರಲ್ಲಿದ್ದ 55 ಮಂದಿಗೆ ಸ್ಟ್ರೋಕ್ ಆಗಿ ಸರಾಸರಿ ಎರಡೂವರೆ ವರ್ಷವಾಗಿತ್ತು. ಹನ್ನೆರಡು ವಾರ, ನಡುನಡುವೆ ಬಿಡುವು ಕೊಟ್ಟು ಆದಷ್ಟೂ ವೇಗವಾಗಿ ನಡೆದವರು ಆರು ನಿಮಿಷದಲ್ಲಿ ಕ್ರಮಿಸುವ ದೂರ 71 ಮೀಟರ್ ಹೆಚ್ಚಿತು. ಹದವಾದ ವೇಗದಲ್ಲಿ ನಡೆದವರದು 27 ಮೀಟರ್.

ಈ ಅಂಕಿಗಳನ್ನು ಹಿಡಿದು ಎಲ್ಲರೂ ಎದ್ದು ನಡೆಯುತ್ತಾರೆ ಎಂದು ಸಾರುವುದು ಮೋಸ. ಇಂಥ ಪ್ರಯೋಗಗಳಿಗೆ ಸೇರುವವರು ಅಷ್ಟೋ ಇಷ್ಟೋ ನಡೆಯಬಲ್ಲವರು. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗ ಪೂರ್ತಿ ಕಡಿದುಹೋದವರು, ಎಚ್ಚರವೇ ಸರಿಯಿಲ್ಲದವರು, ಹೃದಯ ದುರ್ಬಲವಾದವರು ಇದರಲ್ಲಿಲ್ಲ. ಹಾಗಿದ್ದರೂ ಕೈಗಿಂತ ಕಾಲಿನ ವಿಷಯದಲ್ಲಿ ಆಸೆ ಇಟ್ಟುಕೊಳ್ಳಲು ಹೆಚ್ಚು ಕಾರಣವಿದೆ. ಬೆರಳಿನ ನಾಜೂಕು ಕೆಲಸ ಮೆದುಳಿನ ಒಂದೇ ಬದಿಯನ್ನು ಬಹುವಾಗಿ ನೆಚ್ಚಿರುತ್ತದೆ. ಹೆಜ್ಜೆ ಹಾಕುವ ಕೆಲಸಕ್ಕೆ ಎರಡೂ ಬದಿಯ ಮೆದುಳು, ಮೆದುಳುಕಾಂಡ, ಬೆನ್ನುಹುರಿ ಎಲ್ಲವೂ ಕೈ ಸೇರಿಸುತ್ತವೆ. ಕೈ ಬಾರದೆಯೂ ನಡೆದಾಡುವವರನ್ನು ನಾವೆಲ್ಲ ಕಂಡಿರುವುದು ಇದಕ್ಕೇ.

ಹಾಗಾದರೆ ಆರು ತಿಂಗಳಿಗೆ ಸುಧಾರಣೆ ನಿಂತಂತೆ ಕಾಣುವುದೇಕೆ? ಇದಕ್ಕೆ ಉತ್ತರದ ದೊಡ್ಡ ಪಾಲು 2009ರ ಒಂದು ಎಣಿಕೆಯಲ್ಲಿದೆ. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಚಿಕಿತ್ಸಾ ಕೇಂದ್ರಗಳಲ್ಲಿ ಕೂತು, ಫಿಸಿಯೋಥೆರಪಿಯ ಒಂದು ಹೊತ್ತಿನಲ್ಲಿ ರೋಗಿ ಎಷ್ಟು ಹೆಜ್ಜೆ ಹಾಕುತ್ತಾನೆಂದು ಎಣಿಸಿದರು. ನಡಿಗೆಯ ಅಭ್ಯಾಸಕ್ಕೆ ಸರಾಸರಿ 357 ಹೆಜ್ಜೆ ಸಿಕ್ಕಿತು. ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ನಡಿಗೆ ಮರುಕಲಿಸುವಾಗ ಒಂದು ಹೊತ್ತಿಗೆ ಸಾವಿರಾರು ಹೆಜ್ಜೆ ಹಾಕಿಸುತ್ತಾರೆ. ಅಮೆರಿಕದ ಸುಸಜ್ಜಿತ ಕೇಂದ್ರದಲ್ಲೇ 357 ಆದರೆ, ತಳಿಯ ಪಕ್ಕದ ಹಳ್ಳಿಯ ಜಗಲಿಯಲ್ಲಿ ಎಷ್ಟಿದ್ದೀತು? ರಾಗಿ ಹೊಲ, ಟೊಮ್ಯಾಟೊ ತೋಟ, ದನ ಕುರಿ ಎಂದು ದಿನವಿಡೀ ಬದುವಿನ ಮೇಲೆ ತಿರುಗಿದ ಕಾಲು ಒಮ್ಮೆಲೇ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ ಇಳಿಯುತ್ತದೆ. ಒಳ್ಳೆಯ ಕಾಲಿನ ಮಾಂಸಖಂಡವೂ ಸೊರಗುತ್ತದೆ. ಹಿಮ್ಮಡಿಯ ಸ್ನಾಯುರಜ್ಜು ಬಿಗಿಯುತ್ತದೆ. ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಒಮ್ಮೆ ಬಿದ್ದರಂತೂ ಮುಗಿಯಿತು, ಹೆದರಿಕೆ ಕಾಲಿಗಿಂತ ಮೊದಲು ಕೂರುತ್ತದೆ. ಇಷ್ಟಾದ ಮೇಲೆ ಸುಧಾರಣೆ ನಿಂತಿತೆಂದು ಮೆದುಳನ್ನು ದೂರುವುದು ನ್ಯಾಯವಲ್ಲ. ಎಷ್ಟು ಹೆಜ್ಜೆ ಹಾಕಿಸಿದೆವು ಎಂದು ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ನಮ್ಮ ಕಡೆ ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚುವವರಿದ್ದಾರೆ. ಓದಿದವರು ಅದನ್ನು ಮೂಢನಂಬಿಕೆ ಎನ್ನುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಅದರಿಂದ ಕಾಲು ಬರುವುದಿಲ್ಲ. ಆದರೆ ಅದೇ ಓದಿದವರು ಆರು ತಿಂಗಳ ಮಾತನ್ನು ಆಧಾರ ಕೇಳದೆ ನಂಬುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಜನರನ್ನು ಜಗಲಿಯಲ್ಲಿ ಕೂರಿಸಿತು ಎಂದು ಕೇಳಿದರೆ, ಎರಡನೆಯದೇ ಎಂದು ನನಗನ್ನಿಸುತ್ತದೆ.

ಗಡುವಿನ ಜೊತೆಗೇ ಬರುವ ಇನ್ನೊಂದು ನಂಬಿಕೆ ಯಂತ್ರದ್ದು. ಬೆಂಗಳೂರಿನಲ್ಲಿ ಮಿಷನ್ನಿಗೆ ಕಟ್ಟಿ ನಡೆಸುತ್ತಾರಂತೆ, ನಮಗೆ ಅದಕ್ಕೆ ದುಡ್ಡಿಲ್ಲ, ಇಲ್ಲಿ ಏನು ಮಾಡಿದರೂ ಅಷ್ಟೇ ಎಂದು ಜನ ಕೈಚೆಲ್ಲುತ್ತಾರೆ. ಜಮೀನು ಒತ್ತೆ ಇಟ್ಟು ಹೋಗುವವರೂ ಇದ್ದಾರೆ. ಲೀಪ್ಸ್ ಪ್ರಯೋಗದ ಇನ್ನೊಂದು ಫಲಿತಾಂಶ ಇವರಿಗೆ ತಿಳಿಯಬೇಕು. ಸೊಂಟಕ್ಕೆ ಪಟ್ಟಿ ಕಟ್ಟಿ ಭಾರ ಹೊರುವ ಟ್ರೆಡ್‌ಮಿಲ್ಲಿನ ಮೇಲೆ ನಡೆದವರಿಗಿಂತ, ಮನೆಯಲ್ಲಿ ಬಲ ಮತ್ತು ಸಮತೋಲದ ವ್ಯಾಯಾಮ ಮಾಡಿದವರು ಹಿಂದೆ ಬೀಳಲಿಲ್ಲ. ಗೆಲ್ಲುತ್ತದೆಂದು ಎಲ್ಲರೂ ನಂಬಿದ್ದ ಯಂತ್ರ ಸಮಬಲ ಸಾಧಿಸಿತು, ಅಷ್ಟೇ. ಆದರೆ ಆ ಮನೆಯ ವ್ಯಾಯಾಮ ಒಂದು ಹಾಳೆಯಲ್ಲಿ ಚಿತ್ರ ಬರೆದು ಕೊಟ್ಟು ಕಳಿಸಿದ್ದಲ್ಲ ಎಂಬುದನ್ನು ಮರೆಯಬಾರದು. ಫಿಸಿಯೋಥೆರಪಿಸ್ಟ್ ಮನೆಗೇ ಬಂದರು. ಒಂದೂವರೆ ಗಂಟೆಯಂತೆ 36 ಸಲ. ಮನೆ ಎಂದರೆ ಅಗ್ಗ ಎಂದು ತಿಳಿಯುವವರು ಈ 36ನ್ನು ಗಮನಿಸಬೇಕು.

ಏಕೆಂದರೆ ಮೂರನೆಯ ನಂಬಿಕೆ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಅನ್ಯಾಯದ್ದು: "ಮನೆಯವರೇ ಮಾಡಿಸಿಕೊಳ್ಳಲಿ." ಭಾರತದಲ್ಲಿ ಕುಟುಂಬ ಗಟ್ಟಿಯಾಗಿದೆ, ಆದ್ದರಿಂದ ಥೆರಪಿಸ್ಟರ ಕೊರತೆಯನ್ನು ಕುಟುಂಬವೇ ತುಂಬುತ್ತದೆ ಎಂಬ ಆಶಯದಿಂದ 'ಅಟೆಂಡ್' ಎಂಬ ದೊಡ್ಡ ಪ್ರಯೋಗ ನಡೆಯಿತು. ಲುಧಿಯಾನಾದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಜೆಯರಾಜ್ ಪಾಂಡಿಯನ್ ಅದರ ಮುಂದಾಳುಗಳಲ್ಲಿ ಒಬ್ಬರು. ದೇಶದ 14 ಆಸ್ಪತ್ರೆಗಳು, 1,250 ರೋಗಿಗಳು. ಮನೆಯವರಿಗೆ ಆಸ್ಪತ್ರೆಯಲ್ಲೇ ಕಲಿಸಿ, ಎರಡು ತಿಂಗಳವರೆಗೆ ಮನೆಯಲ್ಲಿ ಮುಂದುವರಿಸಿದರು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು, ಹೀಗೆ ಕಲಿಸಿದ ಗುಂಪು, ಸಾಮಾನ್ಯ ಆರೈಕೆಯ ಗುಂಪು ಎರಡರಲ್ಲೂ ಶೇ 47. ವ್ಯತ್ಯಾಸ ಇಲ್ಲ.

ಈ ಸೋಲನ್ನು ಹಲವರು, ನೋಡಿ, ಮನೆಯಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ ಎಂದು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ನಿಪುಣರ ಕೆಲಸವನ್ನು ಮನೆಯ ಹೆಂಗಸಿನ ಹೆಗಲಿಗೆ ದಾಟಿಸಿದರೆ ಕೆಲಸ ಆಗುವುದಿಲ್ಲ ಎಂದು ಅಟೆಂಡ್ ಹೇಳಿದೆ. ತಳಿ ಕಡೆಯ ಮನೆಯಲ್ಲಿ ಆ ಹೆಂಗಸು ಯಾರು? ಹೂವಿನ ತೋಟಕ್ಕೆ ಕೂಲಿಗೆ ಹೋಗುವ ಸೊಸೆ, ಇಲ್ಲವೇ ಮಂಡಿನೋವಿನ ಮುದಿ ಹೆಂಡತಿ. ಮುಂಜಾನೆ ಗುಲಾಬಿ ಬಿಡಿಸಲು ಹೋದರೆ ಕೂಲಿ, ಮಾವನನ್ನು ನಡೆಸುತ್ತಾ ನಿಂತರೆ ಇಲ್ಲ. ಯಾವಾಗ ಮಂಡಿ ಹಿಂದಕ್ಕೆ ಬಾಗುತ್ತಿದೆ, ಯಾವಾಗ ಕೋಲು ಬದಲಿಸಬೇಕು, ಯಾವಾಗ ವೇಗ ಏರಿಸಬೇಕು ಎಂದು ಆಕೆಗೆ ಮೂರು ದಿನದಲ್ಲಿ ಕಲಿಸಲಾಗುವುದಿಲ್ಲ. ಪ್ರಯೋಗ ಮಾಡಿದವರ ಪ್ರಾಮಾಣಿಕತೆಗೆ ನಾವು ಋಣಿಗಳು. ಸೋತದ್ದನ್ನು ಸೋತಿತೆಂದೇ ಬರೆದರು. ಅದರಿಂದಲೇ ಸರ್ಕಾರಗಳಿಗೆ 'ಕುಟುಂಬ ನೋಡಿಕೊಳ್ಳುತ್ತದೆ' ಎಂಬ ನೆವ ಇನ್ನು ಉಳಿದಿಲ್ಲ.

ಹೆಚ್ಚು ನಡೆಸಿದರೆ ಒಳ್ಳೆಯದು ಎಂಬುದಕ್ಕೂ ಹೊತ್ತುಗೊತ್ತಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 2015ರ 'ಅವರ್ಟ್' ಪ್ರಯೋಗದಲ್ಲಿ 2,104 ಮಂದಿಯಲ್ಲಿ ಒಂದು ಗುಂಪನ್ನು ಸ್ಟ್ರೋಕ್ ಆದ 24 ಗಂಟೆಯೊಳಗೆ ಮತ್ತೆ ಮತ್ತೆ ಎಬ್ಬಿಸಿ ನಿಲ್ಲಿಸಿ ನಡೆಸಿದರು. ಅವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಶೇ 46, ಸಾಮಾನ್ಯ ಆರೈಕೆಯವರಲ್ಲಿ ಶೇ 50. ಮೊದಲ ದಿನದ ಆತುರ ಕೇಡು ಮಾಡಿತು. ಲೀಪ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ಸಲವಾದರೂ ಬಿದ್ದರು. ಬಿ.ಪಿ. ನೋಡದೆ, ಪಕ್ಕದಲ್ಲಿ ಜನ ಇಲ್ಲದೆ ನಡೆಸುವುದು ಧೈರ್ಯವಲ್ಲ.

ಈಗ ನನಗೆ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ: ಯಾರ ನಡಿಗೆಯನ್ನು, ಯಾವ ನೆಲದಲ್ಲಿ ಅಳೆಯುತ್ತಿದ್ದೇವೆ? ಜಗತ್ತಿನೆಲ್ಲೆಡೆ ಬಳಸುವ ಒಂದು ವಿಂಗಡಣೆ 1995ರಲ್ಲಿ ಕ್ಯಾಲಿಫೋರ್ನಿಯಾದ ಡಾ. ಜ್ಯಾಕ್ವೆಲಿನ್ ಪೆರಿ ತಂಡ ಕೊಟ್ಟದ್ದು. ಸೆಕೆಂಡಿಗೆ 0.4 ಮೀಟರಿಗಿಂತ ಕಡಿಮೆ ವೇಗದವರು ಮನೆಯೊಳಗೆ ಮಾತ್ರ ನಡೆಯುವವರು, 0.4ರಿಂದ 0.8ರವರೆಗಿನವರು ಹೊರಗೆ ಅಷ್ಟಿಷ್ಟು ಓಡಾಡುವವರು, 0.8 ದಾಟಿದವರು ಊರೆಲ್ಲ ತಿರುಗುವವರು. ಹತ್ತು ಮೀಟರ್ ದಾಟಲು 25 ಸೆಕೆಂಡ್ ಬೇಕಾದರೆ ಒಂದು ಗೆರೆ, ಹನ್ನೆರಡೂವರೆ ಸೆಕೆಂಡ್ ಸಾಕಾದರೆ ಇನ್ನೊಂದು. ಅಲ್ಲಿನ ನುಣುಪು ನೆಲಕ್ಕೆ ಇದು ಹೊಂದುತ್ತದೆ. ತಳಿ ಸೀಮೆಯನ್ನು ನೋಡಿ. ಬ್ರಿಟಿಷರು 'ಪುಟ್ಟ ಇಂಗ್ಲೆಂಡ್' ಎಂದು ಕರೆದದ್ದು ಇಲ್ಲಿನ ತಂಪಿಗೆ, ಏರಿಳಿತದ ಗುಡ್ಡದ ನೆಲಕ್ಕೆ. ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲು ಹೊರಗೆ, ಅಂಗಳದಲ್ಲಿ ಸೆಗಣಿ ಸಾರಿಸಿದ ನೆಲ, ಮಳೆ ಬಂದರೆ ಜಾರು. ಇಲ್ಲಿ 'ಮನೆಯೊಳಗಿನ ನಡಿಗೆ' ಎಂಬುದೇ ಮೂರು ಮೆಟ್ಟಿಲು ಮತ್ತು ಒಂದು ಇಳಿಜಾರು. ಆಸ್ಪತ್ರೆಯ ಮೊಸಾಯಿಕ್ ವರಾಂಡದಲ್ಲಿ 'ಊರೆಲ್ಲ ತಿರುಗಬಲ್ಲ' ಎಂಬ ಅಂಕ ಪಡೆದು ಬಂದವರು ಇಲ್ಲಿ ಬಾಗಿಲಲ್ಲೇ ನಿಲ್ಲಬಹುದು. ಕಾಡಂಚಿನ ಊರುಗಳಲ್ಲಿ ರಾಗಿ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಬರುತ್ತವೆ. ಓಡಲಾಗದವರು ಆ ತಿಂಗಳುಗಳಲ್ಲಿ ಸಂಜೆ ಮನೆ ಬಿಟ್ಟು ಕದಲುವುದಿಲ್ಲ. ಇದು ಯಾವ ಅಂಕಪಟ್ಟಿಯಲ್ಲಿದೆ?

ನೆಲದಲ್ಲಿ ಕೂತು ಏಳುವುದು, ಕುಕ್ಕರುಗಾಲಿನಲ್ಲಿ ಕೂರುವುದು ನಮ್ಮ ಬದುಕಿನ ಅರ್ಧ. ಪಾಶ್ಚಾತ್ಯ ಪಟ್ಟಿಗಳು ಕುರ್ಚಿಯಿಂದ ಏಳುವುದನ್ನು ಕೇಳುತ್ತವೆ. ಪಾದ ಇಳಿಬಿದ್ದು ಬೆರಳು ನೆಲಕ್ಕೆ ತಗಲುವವರಿಗೆ ಪ್ಲಾಸ್ಟಿಕ್ಕಿನ ಪಾದಪಟ್ಟಿ ಕೊಡುತ್ತಾರೆ. ಅದನ್ನು ಬೂಟಿನೊಳಗೆ ಹಾಕಬೇಕು. ಹವಾಯಿ ಚಪ್ಪಲಿಯಲ್ಲಿ, ಬರಿಗಾಲಿನಲ್ಲಿ, ಹೊಲದ ಕೆಸರಿನಲ್ಲಿ ಅದು ನಿಲ್ಲುವುದಿಲ್ಲ. ಅಟ್ಟ ಸೇರುತ್ತದೆ. ಆಮೇಲೆ ಕಡತದಲ್ಲಿ 'ರೋಗಿ ಸಹಕರಿಸಲಿಲ್ಲ' ಎಂದು ಬರೆಯುತ್ತಾರೆ.

ಇನ್ನೊಂದು ಮರೆವು ಗಡಿಯದು. ಈ ಭಾಗದ ಜನ ತಲೆಗೆ ಸಂಬಂಧಿಸಿದ ಕಾಯಿಲೆ ಎಂದರೆ ಆನೇಕಲ್ ಇಲ್ಲವೇ ಹೊಸೂರಿನ ಮೇಲೆ ಬೆಂಗಳೂರಿಗೇ ಹೋಗುತ್ತಾರೆ. ನಿಮ್ಹಾನ್ಸ್ ಅವರಿಗೆ ಕೃಷ್ಣಗಿರಿಯಷ್ಟೇ ಪರಿಚಿತ. ಚಿಕಿತ್ಸೆ ಕರ್ನಾಟಕದಲ್ಲಿ, ಮುಂದಿನ ಆರೈಕೆ ತಮಿಳುನಾಡಿನಲ್ಲಿ. ನಡೆಯಲಾಗದವರನ್ನು ತಿಂಗಳಿಗೊಮ್ಮೆ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಒಯ್ಯುವುದು ಎಷ್ಟು ಮನೆಗೆ ಸಾಧ್ಯ? ಒಂದೆರಡು ಸಲ ಹೋಗಿ ನಿಲ್ಲಿಸುತ್ತಾರೆ. ಆಸ್ಪತ್ರೆಗಳ ಅಧ್ಯಯನಗಳಲ್ಲಿ ಇಂಥವರು 'ಮರಳಿ ಬಾರದವರು' ಎಂಬ ಸಾಲಿಗೆ ಸೇರಿ ಲೆಕ್ಕದಿಂದ ಹೊರಬೀಳುತ್ತಾರೆ. ಮರಳಿ ಬಂದವರು ಹತ್ತಿರದವರು, ಉಳ್ಳವರು, ಅಥವಾ ಆಗಲೇ ನಡೆಯುತ್ತಿರುವವರು. ಅವರ ಸರಾಸರಿಯನ್ನು ತಂದು ಹಳ್ಳಿಯವರಿಗೆ ಗಡುವಾಗಿ ಹೇಳುತ್ತೇವೆ.

ಇದನ್ನು ಸರಿಪಡಿಸುವ ಅವಕಾಶ ಇದೇ ಜಿಲ್ಲೆಯಲ್ಲಿದೆ. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯನ್ನು ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 2021ರ ಆಗಸ್ಟ್ 5ರಂದು ಉದ್ಘಾಟಿಸಿದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮನೆಗೆ ತಲುಪಿಸುವುದರ ಜೊತೆಗೆ ಫಿಸಿಯೋಥೆರಪಿಯನ್ನೂ ಮನೆಬಾಗಿಲಿಗೆ ತರುವ ಯೋಜನೆ ಅದು. ದೇಶದ ಬಹುಪಾಲು ಹಳ್ಳಿಗಳಿಗೆ ಇಲ್ಲದ ಭಾಗ್ಯ. ನಾನು ಅದನ್ನು ಮೆಚ್ಚುತ್ತೇನೆ, ಮೆಚ್ಚುವುದರಿಂದಲೇ ತಕರಾರು ಎತ್ತುತ್ತೇನೆ. ಯೋಜನೆ ಲೆಕ್ಕ ಕೊಡುವುದು ಫಲಾನುಭವಿಗಳ ಸಂಖ್ಯೆಯಲ್ಲಿ: ಇಷ್ಟು ಮಂದಿಗೆ ಮಾತ್ರೆ, ಇಷ್ಟು ಮಂದಿಗೆ ಫಿಸಿಯೋಥೆರಪಿ. ಥೆರಪಿ ಪಡೆದವರು ಎಷ್ಟು ದೂರ ನಡೆದರು ಎಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ತಳಿ ಒಕ್ಕೂಟದ ಪಂಚಾಯತಿಗಳು ಕಾಡು ಗುಡ್ಡಗಳ ನಡುವೆ ಹರಡಿಕೊಂಡಿವೆ. ಅಷ್ಟಕ್ಕೂ ಬೆರಳೆಣಿಕೆಯ ಥೆರಪಿಸ್ಟರು ತಿರುಗಬೇಕೆಂದರೆ ಒಂದು ಮನೆಗೆ ತಿಂಗಳಿಗೆ ಎಷ್ಟು ಸಲ ಬರಲಾದೀತು? ಲೀಪ್ಸ್‌ನ 36 ಭೇಟಿಯ ಎದುರು ಇಟ್ಟು ಈ ಪ್ರಶ್ನೆ ಕೇಳಬೇಕು. ಬಂದವರು ಮನೆಯ ಹಿರಿಯರಿಗೆ ಹೇಳಿಕೊಡುವ ಮಾತು, ಬಿಟ್ಟುಹೋಗುವ ಹಾಳೆ ಕನ್ನಡ, ತೆಲುಗಿನಲ್ಲೂ ಇರಬೇಕು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿರುವುದೇ ಬೇಸರ.

ನಾನು ಕೇಳುವುದು ದೊಡ್ಡದಲ್ಲ. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಆ ಮನೆಯ ಮುಂದಿನ ಬೀದಿಯಲ್ಲಿ, ಆ ಮಣ್ಣಿನಲ್ಲೇ, ಹತ್ತು ಮೀಟರ್ ಗೆರೆ ಎಳೆಯಲಿ. ರೋಗಿ ತಮ್ಮ ಚಪ್ಪಲಿಯಲ್ಲೇ, ತಮ್ಮ ಕೋಲಿನಲ್ಲೇ ಅದನ್ನು ದಾಟಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಬರೆದಿಡಲಿ. ನೆಲದಿಂದ ಎದ್ದರೇ, ಹೊಸ್ತಿಲು ದಾಟಿದರೇ ಎಂಬ ಎರಡು ಪ್ರಶ್ನೆ ಸೇರಿಸಲಿ. ಮೂರು ತಿಂಗಳಿಗೊಮ್ಮೆ, ಎರಡು ವರ್ಷ. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆ ಅಂಕಿಗಳನ್ನು ಒಟ್ಟುಮಾಡಲಿ, ಬೆಂಗಳೂರಿನ ನಿಮ್ಹಾನ್ಸ್ ಕೈಜೋಡಿಸಲಿ. ಆರು ತಿಂಗಳಾಚೆ ನಮ್ಮ ಜನರ ನಡಿಗೆಗೆ ನಿಜಕ್ಕೂ ಏನಾಗುತ್ತದೆ ಎಂಬುದಕ್ಕೆ ಆಗ ಕೋಪನ್‌ಹೇಗನ್ನಿನ ಉತ್ತರವನ್ನು ಸಾಲ ತರಬೇಕಾಗಿಲ್ಲ. ಬಹುಶಃ ಕೆಲವರಲ್ಲಿ ಸುಧಾರಣೆ ನಿಜಕ್ಕೂ ನಿಂತಿರುತ್ತದೆ, ಅದೂ ತಿಳಿಯಲಿ.

ಅಲ್ಲಿಯವರೆಗೆ ವೈದ್ಯರಲ್ಲಿ ಒಂದು ಬೇಡಿಕೆ. ಡಿಸ್ಚಾರ್ಜ್ ಮಾಡುವ ದಿನ 'ಆರು ತಿಂಗಳು' ಎಂಬ ಮಾತನ್ನು ದಯವಿಟ್ಟು ಆಡಬೇಡಿ. ಮೊದಲ ಮೂರು ತಿಂಗಳು ಬಹಳ ಮುಖ್ಯ, ಅದನ್ನು ಹಾಳುಮಾಡಿಕೊಳ್ಳಬೇಡಿ, ಆಮೇಲೂ ಬಿಡಬೇಡಿ ಎಂದು ಹೇಳಿ. ಮನೆಯವರಲ್ಲೂ ಒಂದು ಮಾತು: ಒಂದು ವರ್ಷದ ಹಿಂದೆ, ಎರಡು ವರ್ಷದ ಹಿಂದೆ ಲಕ್ವವಾಗಿ ಈಗ ಜಗಲಿಯಲ್ಲಿ ಕೂತಿರುವ ಅಪ್ಪನೋ ಅವ್ವನೋ ನಿಮ್ಮ ಮನೆಯಲ್ಲಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ತೋರಿಸಿ, ಅವರ ಹೆಸರನ್ನು ಫಿಸಿಯೋಥೆರಪಿಯ ಪಟ್ಟಿಗೆ ಬರೆಸಿ. ತಡವಾಯಿತು ಎಂದು ಯಾರಾದರೂ ಹೇಳಿದರೆ, ಯಾವ ಆಧಾರದಿಂದ ಎಂದು ಕೇಳಿ.